ಮುದಿ ಡೀಸೆಲುಗಳು ಏಕೆ ಇನ್ನೂ ದುಡಿಯುತ್ತಿವೆ?

ಅಮೆರಿಕ ಸಂಯುಕ್ತ ಸಂಸ್ಥಾನದ ಪೆನ್ಸಿಲ್ವೇನಿಯ ಪ್ರಾಂತದಲ್ಲಿ ಸ್ಕ್ರಾಂಟನ್ ಎಂಬ ನಗರವಿದೆ. ಹಿಂದೆ ಆಂಥ್ರಸೈಟ್ ಎಂಬ ಗಟ್ಟಿ ಜಾತಿಯ ಕಲ್ಲಿದ್ದಲಿಗೆ ಹೆಸರಾಗಿದ್ದ ಈ ನಗರದ ಹಳೆಯ ರೈಲ್ವೆ ಅಂಗಳದಲ್ಲಿ ಇಂದು ಸ್ಟೀಮ್‌ಟೌನ್ ಎಂಬ ರಾಷ್ಟ್ರೀಯ ಸಂಗ್ರಹಾಲಯವಿದೆ. ಉಗಿಯ ಯುಗದ ಎಂಜಿನುಗಳನ್ನು ಮುಂದಿನ ಪೀಳಿಗೆಯವರು ನೋಡಲೆಂದು ಅಲ್ಲಿ ಕಾಪಾಡಿ ಇಟ್ಟಿದ್ದಾರೆ. ಅದೇ ನಗರದಿಂದ ಡೆಲವೇರ್-ಲ್ಯಾಕವಾನ ಎಂಬ ಸಣ್ಣ ರೈಲ್ವೆ ಸಂಸ್ಥೆಯೊಂದು 1993ರಿಂದ ಸರಕು ಗಾಡಿಗಳನ್ನು ನಡೆಸುತ್ತಿದೆ. ಪೊಕೊನೊ ಗುಡ್ಡಗಳ ಮೇಲಿರುವ ಹಿಟ್ಟಿನ ಗಿರಣಿಗೆ ಧಾನ್ಯ ತುಂಬಿದ ಡಬ್ಬಿಗಳನ್ನು ಏರಿಸುವುದು ಅದರ ಕೆಲಸಗಳಲ್ಲೊಂದು. ಈ ಕೆಲಸ ಮಾಡುತ್ತಿರುವ ಡೀಸೆಲ್ ಎಂಜಿನುಗಳಲ್ಲಿ 1960ರ ದಶಕದಲ್ಲಿ ಹುಟ್ಟಿದವು ಹಲವು. ಅವನ್ನು ಕಟ್ಟಿದ ಅಮೆರಿಕನ್ ಲೋಕೋಮೋಟಿವ್ ಕಂಪನಿ, ಎಂದರೆ ಆಲ್ಕೊ, 1969ರಲ್ಲಿಯೇ ರೈಲು ಎಂಜಿನುಗಳ ತಯಾರಿಕೆಯನ್ನು ನಿಲ್ಲಿಸಿತು. ತಾಯಿ ಕಣ್ಮುಚ್ಚಿ ಅರ್ಧ ಶತಮಾನ ಕಳೆದ ಮೇಲೂ ಮಕ್ಕಳು ಸಂಗ್ರಹಾಲಯದೊಳಕ್ಕೆ ಹೋಗದೆ ಅದರ ನೆರೆಯ ಹಳಿಗಳ ಮೇಲೆ ಕೂಲಿ ಮಾಡುತ್ತಿದ್ದಾರೆ.

ಇದರಲ್ಲೇನು ವಿಶೇಷ ಎಂದು ವಾಚಕರು ಕೇಳಬಹುದು. ಇದೇ ಆಲ್ಕೊ ಕಂಪನಿ ತನ್ನ ಸ್ಕೆನೆಕ್ಟಡಿ ಕಾರ್ಖಾನೆಯಲ್ಲಿ 1945 ಮತ್ತು 1946ರಲ್ಲಿ ನ್ಯೂಯಾರ್ಕ್ ಸೆಂಟ್ರಲ್ ರೈಲ್ವೆಗಾಗಿ ‘ನಯಾಗರ’ ಎಂಬ 27 ಉಗಿ ಎಂಜಿನುಗಳನ್ನು ಕಟ್ಟಿತು. ಉಗಿಯ ವಿದ್ಯೆ ಅದುವರೆಗೆ ಕಲಿತದ್ದೆಲ್ಲವೂ ಅವುಗಳಲ್ಲಿ ಅಡಕವಾಗಿತ್ತು. ಆದರೂ 1956ರ ಹೊತ್ತಿಗೆ ಅವೆಲ್ಲವೂ ಸೇವೆಯಿಂದ ಹೊರಬಿದ್ದಿದ್ದವು. ಒಂದನ್ನಾದರೂ ಉಳಿಸದೆ ಎಲ್ಲವನ್ನೂ ಒಡೆದು ಗುಜರಿಗೆ ಹಾಕಿದರು. ಒಂದೇ ಮನೆಯ ಉಗಿ ಎಂಜಿನಿಗೆ ಹತ್ತು ವರ್ಷದ ಆಯುಸ್ಸು, ಡೀಸೆಲಿಗೆ ಅರುವತ್ತು. ಡೀಸೆಲಿನ ಉಕ್ಕು ಉಗಿ ಎಂಜಿನಿನ ಉಕ್ಕಿಗಿಂತ ಆರು ಪಾಲು ಗಟ್ಟಿಯೇನೂ ಅಲ್ಲ. ಕಾರಣವನ್ನು ಬೇರೆಡೆಯಲ್ಲಿ ಹುಡುಕಬೇಕು. ಉಗಿಯನ್ನು ಹಳಿಯಿಂದ ಓಡಿಸಲು ಡೀಸೆಲಿಗೆ ಬಲವಾದ ಭೌತಶಾಸ್ತ್ರದ ಆಧಾರವಿತ್ತು. ಹಳೆಯ ಡೀಸೆಲನ್ನು ಓಡಿಸಲು ಹೊಸ ಡೀಸೆಲಿಗೆ ಅಂತಹ ಆಧಾರ ಬಹಳ ಸ್ವಲ್ಪ. ಈ ಮಾತನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಹೆಸರುಗಳ ಗೊಂದಲವನ್ನು ಕಳೆದುಕೊಳ್ಳೋಣ. ರೂಢಿಯಲ್ಲಿ ನಾವು ‘ರೈಲು ಎಂಜಿನು’ ಎನ್ನುವ ಇಡೀ ವಾಹನವನ್ನು ಇನ್ನು ಮುಂದೆ ಲೋಕೋಮೋಟಿವ್ ಎಂದೂ, ಅದರ ಹೊಟ್ಟೆಯಲ್ಲಿರುವ ಡೀಸೆಲ್ ಯಂತ್ರವನ್ನು ಮಾತ್ರ ಎಂಜಿನು ಎಂದೂ ಕರೆಯೋಣ. ಹೀಗೆ ಬೇರ್ಪಡಿಸುವುದು ಅಗತ್ಯ. ಏಕೆಂದರೆ ಎಂಜಿನಿಗೂ ಚಕ್ರಗಳಿಗೂ ನಡುವೆ, ಲಾರಿಯಲ್ಲಿರುವಂತೆ, ಹಲ್ಲುಚಕ್ರಗಳ ನೇರವಾದ ಸಂಬಂಧವಿಲ್ಲ. ಎಂಜಿನು ಒಂದು ವಿದ್ಯುಜ್ಜನಕವನ್ನು ತಿರುಗಿಸುತ್ತದೆ. ಅದರಿಂದ ಹೊರಟ ವಿದ್ಯುತ್ತು ತಂತಿಗಳ ಮೂಲಕ ಸಾಗಿ, ಅಚ್ಚುಗಳ ಪಕ್ಕದಲ್ಲಿ ಕೂರಿಸಿರುವ ಮೋಟಾರುಗಳನ್ನು ಸೇರುತ್ತದೆ. ಚಕ್ರಗಳನ್ನು ಉರುಳಿಸುವುದು ಈ ಮೋಟಾರುಗಳು. ಎಂದರೆ ಡೀಸೆಲ್ ಲೋಕೋಮೋಟಿವ್ ತನ್ನದೇ ವಿದ್ಯುದಾಗಾರವನ್ನು ಹೊತ್ತು ತಿರುಗುವ ವಿದ್ಯುತ್ ವಾಹನವೇ ಆಗಿದೆ.

ಎಂಜಿನಿನ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ಆಲ್ಕೊ 1950ರ ದಶಕದಲ್ಲಿ ಬಳಕೆಗೆ ತಂದ 251 ಎಂಬ ಮಾದರಿಯಲ್ಲಿ ಪ್ರತಿಯೊಂದು ಸಿಲಿಂಡರಿನ ವ್ಯಾಸ 9 ಅಂಗುಲ, ಪಿಸ್ಟನ್ನಿನ ನಡೆ ಹತ್ತೂವರೆ ಅಂಗುಲ. ಒಳಗೆಳೆದುಕೊಂಡ ಗಾಳಿಯನ್ನು ಪಿಸ್ಟನ್ನು ಹನ್ನೆರಡೂವರೆಯಲ್ಲಿ ಒಂದು ಪಾಲಿಗೆ ಅಮುಕುತ್ತದೆ. ಶಾಖವು ಎಲ್ಲಿಗೂ ಸೋರದು ಎಂದಿಟ್ಟುಕೊಂಡು ಲೆಕ್ಕ ಮಾಡಿದರೆ, 27 ಡಿಗ್ರಿ ಸೆಂಟಿಗ್ರೇಡಿನ ಗಾಳಿ ಸುಮಾರು 550 ಡಿಗ್ರಿಗೆ ಏರಬೇಕು. ಸಿಲಿಂಡರಿನ ಗೋಡೆಗಳು ಸ್ವಲ್ಪ ಶಾಖವನ್ನು ಕಸಿದುಕೊಳ್ಳುವುದು ನಿಜ. ಆದರೂ ಉಳಿದ ಕಾವು, ಸಿಂಪಡಿಸಿದ ಡೀಸೆಲ್ ಎಣ್ಣೆ ಕಿಡಿಯ ಹಂಗಿಲ್ಲದೆ ತಾನಾಗಿ ಹೊತ್ತಿಕೊಳ್ಳಲು ಧಾರಾಳವಾಗಿ ಸಾಕು. ಇಂತಹ ಹದಿನಾರು ಸಿಲಿಂಡರುಗಳು ಸೇರಿ, ನಮ್ಮ ದೇಶದಲ್ಲಿ ಬಹುಕಾಲ ಓಡಿದ ಡಬ್ಲ್ಯುಡಿಎಂ-2 ಎಂಬ ಲೋಕೋಮೋಟಿವಿನಲ್ಲಿ 2,600 ಅಶ್ವಶಕ್ತಿಯನ್ನು ಕೊಡುತ್ತಿದ್ದವು. ಈ ಡಬ್ಲ್ಯುಡಿಎಂ-2 ಆಲ್ಕೊ ಕಂಪನಿಯ ವಿನ್ಯಾಸವೇ. ಅದರ ಅಳತೆಗಳು ಖಚಿತವಾಗಿ ಸಿಗುವುದರಿಂದ ಮುಂದಿನ ಲೆಕ್ಕಗಳಿಗೆ ಅದನ್ನೇ ಆರಿಸಿಕೊಳ್ಳೋಣ.

ಅಶ್ವಶಕ್ತಿ ಎಂಬ ಮಾತು ಬಂದಾಗಲೆಲ್ಲ ಒಂದು ಭ್ರಮೆ ಉಂಟಾಗುತ್ತದೆ. ಹೆಚ್ಚು ಅಶ್ವಶಕ್ತಿ ಇದ್ದರೆ ಹೆಚ್ಚು ಭಾರವನ್ನು ಎಳೆಯಬಹುದು ಎಂದು ನಾವೆಲ್ಲ ತಿಳಿಯುತ್ತೇವೆ. ನಿಂತ ಸರಕು ಗಾಡಿಯನ್ನು ಹೊರಡಿಸುವಾಗ ಇದು ನಿಜವಲ್ಲ. ಆಗ ಎಳೆತದ ಮೇರೆಯನ್ನು ಗೊತ್ತುಮಾಡುವುದು ಎಂಜಿನಲ್ಲ, ಚಕ್ರ ಮತ್ತು ಹಳಿಗಳ ನಡುವಣ ಘರ್ಷಣೆ. ಉಕ್ಕಿನ ಚಕ್ರವು ಉಕ್ಕಿನ ಹಳಿಯನ್ನು ಮುಟ್ಟುವ ಜಾಗ ಕಿರುಬೆರಳಿನ ಉಗುರಿಗಿಂತ ದೊಡ್ಡದಲ್ಲ. ಡಬ್ಲ್ಯುಡಿಎಂ-2ರ ತೂಕ 112.8 ಟನ್ನು. ಅದು ಹನ್ನೆರಡು ಚಕ್ರಗಳ ಮೇಲೆ ಹಂಚಿಹೋಗಿ, ಪ್ರತಿಯೊಂದು ಉಗುರಗಲದ ಮೇಲೂ ಒಂಬತ್ತು ಟನ್ನಿಗೆ ಮೀರಿದ ಭಾರ ಕೂರುತ್ತದೆ. ಒಣ ಹಳಿಯ ಮೇಲೆ ಈ ಹಳೆಯ ಮಾದರಿಗೆ ದಕ್ಕುವ ಘರ್ಷಣಾಂಕವನ್ನು 0.27 ಎಂದು ಎಣಿಸುವುದು ರೂಢಿ. 112.8ನ್ನು 0.27ರಿಂದ ಗುಣಿಸಿದರೆ ಬರುವುದು ಸುಮಾರು 30.45. ಈ ಲೋಕೋಮೋಟಿವ್ ಹೊರಡುವಾಗ ತೋರಬಲ್ಲ ಅತಿ ಹೆಚ್ಚಿನ ಎಳೆತ ಇಷ್ಟೇ, ಎಂದರೆ ಮೂವತ್ತು ಟನ್ನಿಗೆ ಸ್ವಲ್ಪ ಹೆಚ್ಚು. ಇದಕ್ಕಿಂತ ಹೆಚ್ಚಿಗೆ ತಿರುಚಿದರೆ ಗಾಡಿ ಮುಂದೆ ಹೋಗುವುದಿಲ್ಲ. ಚಕ್ರ ನಿಂತಲ್ಲೇ ಗಿರ್ರನೆ ತಿರುಗುತ್ತದೆ. ಡ್ರೈವರು ಹಳಿಯ ಮೇಲೆ ಮರಳು ಉದುರಿಸುವುದು ಈ ಮೇರೆಯನ್ನು ಸ್ವಲ್ಪ ಹಿಗ್ಗಿಸುವುದಕ್ಕಾಗಿಯೇ.

ಹಾಗಾದರೆ ಅಶ್ವಶಕ್ತಿ ಯಾವುದಕ್ಕೆ ಬೇಕು? ಶಕ್ತಿ ಎಂದರೆ ಬಲ ಮತ್ತು ವೇಗಗಳ ಗುಣಲಬ್ಧವೆಂದು ವಿದ್ಯಾರ್ಥಿಗಳು ಓದಿರುತ್ತಾರೆ. 2,600 ಅಶ್ವಶಕ್ತಿ ಎಂದರೆ ಸುಮಾರು 1,940 ಕಿಲೋವಾಟು. ಪಂಖ, ಕಂಪ್ರೆಸರು ಮುಂತಾದವುಗಳ ಖರ್ಚನ್ನೂ ವಿದ್ಯುಜ್ಜನಕ ಮತ್ತು ಮೋಟಾರುಗಳಲ್ಲಿ ಆಗುವ ನಷ್ಟವನ್ನೂ ಕಳೆದು, ಐದರಲ್ಲಿ ನಾಲ್ಕು ಪಾಲು ಚಕ್ರವನ್ನು ಮುಟ್ಟುತ್ತದೆ ಎಂದುಕೊಳ್ಳೋಣ. ಈ 1,550 ಕಿಲೋವಾಟನ್ನು 30.45 ಟನ್ನಿನ ಎಳೆತದಿಂದ, ಎಂದರೆ ಸುಮಾರು 299 ಕಿಲೋನ್ಯೂಟನ್ನಿನಿಂದ ಭಾಗಿಸಿದರೆ, ಸೆಕೆಂಡಿಗೆ 5.2 ಮೀಟರು ವೇಗ ಬರುತ್ತದೆ. ಅದು ಗಂಟೆಗೆ ಸುಮಾರು 19 ಕಿಲೋಮೀಟರು, ಸೈಕಲ್ ಸವಾರನೊಬ್ಬನ ಚುರುಕಾದ ನಡೆ. ಈ ವೇಗದ ಕೆಳಗೆ ಎಂಜಿನಿಗೆ ಇನ್ನೂ ಸಾವಿರ ಅಶ್ವಶಕ್ತಿ ಸೇರಿಸಿದರೂ ಎಳೆತ ಒಂದು ಕಿಲೋಗ್ರಾಮಿನಷ್ಟೂ ಹೆಚ್ಚದು. ಈ ವೇಗದ ಮೇಲೆ ಮಾತ್ರ ಹೆಚ್ಚಿನ ಅಶ್ವಶಕ್ತಿಗೆ ಅರ್ಥವಿದೆ. ಅಂಗಳದಲ್ಲಿ ಡಬ್ಬಿ ಜೋಡಿಸುವ ಕೆಲಸಕ್ಕೂ, ಗುಡ್ಡ ಹತ್ತುವ ಕೆಲಸಕ್ಕೂ, ಶಾಖಾಮಾರ್ಗದಲ್ಲಿ ನಿಧಾನವಾಗಿ ಸಾಗುವ ಸರಕಿಗೂ ಬೇಕಾದದ್ದು ಮುಖ್ಯವಾಗಿ ತೂಕ. ಉಕ್ಕಿನ ತೂಕಕ್ಕೆ ಮುಪ್ಪಿಲ್ಲ! 1964ರಲ್ಲಿ 112 ಟನ್ನು ತೂಗುತ್ತಿದ್ದದ್ದು ಇಂದೂ ಅಷ್ಟೇ ತೂಗುತ್ತದೆ.

ಮೂವತ್ತು ಟನ್ನಿನ ಎಳೆತದಿಂದ ಎಷ್ಟು ಭಾರ ಸಾಗೀತು? ಸಮತಟ್ಟಾದ ಹಾದಿಯಲ್ಲಿ ಪ್ರತಿ ಟನ್ನಿನ ಗಾಡಿಯನ್ನು ನಿಧಾನವಾಗಿ ಉರುಳಿಸಲು ಎರಡು ಮೂರು ಕಿಲೋಗ್ರಾಮಿನ ಎಳೆತ ಸಾಕು. ಏರಿನಲ್ಲಿ ಚಿತ್ರವೇ ಬದಲಾಗುತ್ತದೆ. ನಮ್ಮ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ, ಸುಮಾರು 55 ಕಿಲೋಮೀಟರಿನ ಘಾಟಿಯ ಹಾದಿಯನ್ನು ನೆನೆಯಿರಿ. ಅಲ್ಲಿನ ಕಡಿದಾದ ಏರು ಐವತ್ತಕ್ಕೆ ಒಂದು. ಎಂದರೆ ಪ್ರತಿ ಟನ್ನಿನ ಐವತ್ತರಲ್ಲೊಂದು ಪಾಲು, 20 ಕಿಲೋಗ್ರಾಂ, ಗುರುತ್ವದ ಸುಂಕವಾಗಿ ತೆರಬೇಕು. ಉರುಳಿಕೆಯ ಮೂರನ್ನು ಕೂಡಿಸಿದರೆ 23. ಆಗ 30,450ನ್ನು 23ರಿಂದ ಭಾಗಿಸಿ, ಲೋಕೋಮೋಟಿವಿನ ಸ್ವಂತ ತೂಕವನ್ನು ಕಳೆದರೆ, ಉಳಿಯುವುದು ಸುಮಾರು 1,200 ಟನ್ನು. ಇದೂ ಕಾಗದದ ಮೇಲಿನ ಲೆಕ್ಕ. ಮಲೆನಾಡಿನ ಮಳೆಯಲ್ಲಿ ಹಳಿ ನೆನೆದರೆ ಘರ್ಷಣಾಂಕ ಕುಸಿಯುವುದರಿಂದ ಇಷ್ಟನ್ನು ನಂಬಲಾಗದು. ಘಾಟಿಯಲ್ಲಿ ಸರಕು ಗಾಡಿಗೆ ಹಿಂದೆಯೂ ಮುಂದೆಯೂ ಲೋಕೋಮೋಟಿವ್ ಕಟ್ಟುವುದು ಈ ಕಾರಣದಿಂದ. ಡೀಸೆಲ್ ಲೋಕೋಮೋಟಿವ್‌ಗಳಿಗೆ ಇಲ್ಲಿ ಇನ್ನೊಂದು ಅನುಕೂಲವೂ ಇದೆ. ಎರಡು ಮೂರನ್ನು ಒಟ್ಟಿಗೆ ಕೊಂಡಿ ಹಾಕಿ, ನಡುವೆ ತಂತಿಯ ಕಟ್ಟನ್ನು ಜೋಡಿಸಿದರೆ, ಒಬ್ಬನೇ ಡ್ರೈವರು ಒಂದೇ ಹಿಡಿಕೆಯಿಂದ ಎಲ್ಲವನ್ನೂ ನಡೆಸಬಹುದು. ಉಗಿಯಲ್ಲಿ ಹೀಗೆ ಸಾಧ್ಯವಿರಲಿಲ್ಲ. ಪ್ರತಿಯೊಂದಕ್ಕೂ ಬೇರೆ ಡ್ರೈವರು, ಬೇರೆ ಫೈರ್‌ಮನ್ ಬೇಕಾಗಿತ್ತು.

ಹಳೆಯ ಡೀಸೆಲುಗಳ ಮೋಟಾರೂ ಒಂದು ಸೊಗಸಾದ ವಸ್ತು. ಅದು ನೇರ ವಿದ್ಯುತ್ತಿನ ಶ್ರೇಣಿ ಮೋಟಾರು. ಅದರಲ್ಲಿ ತಿರುಗುವ ಆರ್ಮೇಚರಿನ ಮೂಲಕ ಹರಿಯುವ ವಿದ್ಯುತ್ತೇ ಕಾಂತಕ್ಷೇತ್ರದ ಸುರುಳಿಯ ಮೂಲಕವೂ ಹರಿಯುತ್ತದೆ. ತಿರುಚುಬಲವು ಈ ಎರಡರ ಗುಣಲಬ್ಧವನ್ನು ಅವಲಂಬಿಸುವುದರಿಂದ, ಕಬ್ಬಿಣ ಕಾಂತತ್ವದಲ್ಲಿ ತಣಿಯುವವರೆಗೆ, ವಿದ್ಯುತ್ತು ಇಮ್ಮಡಿಸಿದರೆ ತಿರುಚುಬಲ ನಾಲ್ಕು ಮಡಿಯಾಗುತ್ತದೆ. ನಿಂತ ಮೋಟಾರಿನಲ್ಲಿ ವಿರೋಧಿ ವಿದ್ಯುಚ್ಚಾಲಕ ಬಲ ಇರುವುದಿಲ್ಲವಾದ್ದರಿಂದ, ಹೊರಡುವ ಗಳಿಗೆಯಲ್ಲೇ ಹೇರಳವಾದ ವಿದ್ಯುತ್ತು ಹರಿಯುತ್ತದೆ. ಬಲ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದ ಸಮಯದಲ್ಲೇ ಅದು ಎಲ್ಲಕ್ಕಿಂತ ಹೆಚ್ಚಾಗಿ ದೊರೆಯುವುದು ಈ ಮೋಟಾರಿನ ಸ್ವಭಾವ. ಇದಕ್ಕೆ ಗಣಕವೂ ಬೇಡ, ಸೂಕ್ಷ್ಮ ಉಪಕರಣವೂ ಬೇಡ. ಆದರೆ ದೋಷವೂ ಇದೆ. ಒಂದು ಅಚ್ಚು ಜಾರಿದೊಡನೆ ಅದರ ಮೋಟಾರಿನ ವೇಗ ಏರುತ್ತದೆ, ಅದರೊಂದಿಗೆ ಶ್ರೇಣಿಯಲ್ಲಿ ಜೋಡಿಸಿದ ಇತರ ಮೋಟಾರುಗಳ ವೋಲ್ಟೇಜನ್ನು ಅದು ಕಸಿದುಕೊಳ್ಳುತ್ತದೆ. ಜಾರುವವನಿಗೆ ಹೆಚ್ಚು, ದುಡಿಯುವವರಿಗೆ ಕಡಿಮೆ ಎಂಬ ಅನ್ಯಾಯ!

ಹೊಸ ಲೋಕೋಮೋಟಿವ್‌ಗಳು ಗೆದ್ದಿರುವುದು ಇಲ್ಲಿಯೇ. ಅವುಗಳ ಮೋಟಾರುಗಳು ಪರ್ಯಾಯ ವಿದ್ಯುತ್ತಿನವು. ಗಣಕವು ಚಕ್ರದ ಜಾರುವಿಕೆಯನ್ನು ಕ್ಷಣಕ್ಷಣಕ್ಕೂ ಅಳೆದು, ಜಾರಿಯೂ ಜಾರದಂತಹ ಅಂಚಿನಲ್ಲಿ ಅದನ್ನು ಹಿಡಿದಿಡುತ್ತದೆ. ನಮ್ಮ ರೈಲ್ವೆಯ ಡಬ್ಲ್ಯುಡಿಜಿ-4 ಎಂಬ 4,000 ಅಶ್ವಶಕ್ತಿಯ ಲೋಕೋಮೋಟಿವ್ 126 ಟನ್ನು ತೂಗಿ ಸುಮಾರು 54 ಟನ್ನಿನ ಎಳೆತವನ್ನು ಕೊಡುತ್ತದೆ. ಘರ್ಷಣಾಂಕವನ್ನು 0.43ರವರೆಗೆ ದುಡಿಸಿಕೊಂಡ ಹಾಗಾಯಿತು. ಇದು ನಿಜವಾದ ಪ್ರಗತಿ, ಅಲ್ಲಗಳೆಯುವಂತಿಲ್ಲ. ಆದರೂ ಲೆಕ್ಕವನ್ನು ಹೀಗೆ ನೋಡಬೇಕು: ಎರಡು ಮುದಿ ಲೋಕೋಮೋಟಿವ್‌ಗಳನ್ನು ಜೊತೆಗೂಡಿಸಿದರೆ ಎಳೆತ 60 ಟನ್ನು ದಾಟುತ್ತದೆ.

ಈಗ ಇಂಧನದ ಮಾತಿಗೆ ಬರೋಣ. ಉಗಿ ಲೋಕೋಮೋಟಿವಿನಲ್ಲಿ ಕಲ್ಲಿದ್ದಲಿನ ಶಾಖದ ನೂರರಲ್ಲಿ ಆರೆಂಟು ಪಾಲು ಮಾತ್ರ ಕೆಲಸವಾಗಿ ಪರಿಣಮಿಸುತ್ತಿತ್ತು. ಮಿಕ್ಕದ್ದು ಚಿಮಣಿಯಿಂದ ಆಕಾಶಕ್ಕೆ. 1950ರ ದಶಕದ ಡೀಸೆಲ್ ಎಂಜಿನು ಎಣ್ಣೆಯ ಶಾಖದ ನೂರರಲ್ಲಿ 35ಕ್ಕೂ ಮೀರಿದ ಪಾಲನ್ನು ದಂಡಕ್ಕೆ ಒಪ್ಪಿಸುತ್ತಿತ್ತು. ಚಕ್ರ ಮುಟ್ಟುವಷ್ಟರಲ್ಲಿ ಅದು ಮೂವತ್ತಕ್ಕೆ ಇಳಿದರೂ ಉಗಿಯ ನಾಲ್ಕು ಮಡಿ. ಇಂತಹ ಅಂತರವಿದ್ದಾಗ ಹತ್ತು ವರ್ಷದ ಹೊಸ ನಯಾಗರವನ್ನೂ ಗುಜರಿಗೆ ಎಸೆಯುವುದು ಲಾಭವೇ ಆಗುತ್ತದೆ. ಇಂದಿನ ಹೊಸ ಡೀಸೆಲ್ ಎಂಜಿನು ನೂರರಲ್ಲಿ 40ನ್ನು ಸ್ವಲ್ಪ ದಾಟಿದೆ. 37ರಿಂದ 41ಕ್ಕೆ ಏರಿತೆಂದರೆ ಎಣ್ಣೆಯ ಉಳಿತಾಯ ನೂರಕ್ಕೆ ಹತ್ತು. ಶಾಖವನ್ನು ಕೆಲಸವಾಗಿ ಮಾರ್ಪಡಿಸುವ ವಿಧಾನಕ್ಕೆ ಉಷ್ಣಗತಿಶಾಸ್ತ್ರ ಹಾಕಿರುವ ಮೇರೆಯನ್ನು ಮುದಿ ಡೀಸೆಲುಗಳೇ ಬಹುಮಟ್ಟಿಗೆ ಸಮೀಪಿಸಿದ್ದವು. ಮುಂದಿನವರಿಗೆ ಅವು ಬಿಟ್ಟುಹೋದದ್ದು ಚಿಲ್ಲರೆ ಮಾತ್ರ.

ನೂರಕ್ಕೆ ಹತ್ತು ಎಂಬುದು ಕಡಿಮೆಯೇ? ಹಗಲಿರುಳೂ ಓಡುವ ಹೆದ್ದಾರಿ ಮಾರ್ಗದ ಲೋಕೋಮೋಟಿವಿಗೆ ಅದು ದೊಡ್ಡ ಮೊತ್ತ. ಆದ್ದರಿಂದಲೇ ಅಮೆರಿಕದ ದೊಡ್ಡ ರೈಲ್ವೆಗಳು ತಮ್ಮ ಮುಖ್ಯ ಮಾರ್ಗಗಳಿಗೆ ಹೊಸದನ್ನು ಕೊಳ್ಳುತ್ತವೆ. ದಿನಕ್ಕೊಂದು ಗಾಡಿಯನ್ನು ನಡೆಸುವ ಸಣ್ಣ ಸಂಸ್ಥೆಯ ಪಾಡು ಬೇರೆ. ಎಣ್ಣೆಯ ಖರ್ಚು ಓಡಿದಷ್ಟು ಮಾತ್ರ. ಸಾಲದ ಬಡ್ಡಿಯಾದರೋ ಷೆಡ್ಡಿನಲ್ಲಿ ನಿಂತಾಗಲೂ ಬೆಳೆಯುತ್ತದೆ. ಎರಡು ದಶಲಕ್ಷ ಡಾಲರಿಗೂ ಮೀರಿದ ಹೊಸ ಲೋಕೋಮೋಟಿವಿನ ಬಡ್ಡಿಯನ್ನು ಉಳಿಸಿದ ಎಣ್ಣೆಯಿಂದ ತೀರಿಸಲು ಅಂತಹವರಿಗೆ ಎಂದಿಗೂ ಸಾಧ್ಯವಾಗದು. ಹಳೆಯ ಎತ್ತು ಮಾರಿ ಟ್ರಾಕ್ಟರು ಕೊಳ್ಳುವ ಮುನ್ನ ಎರಡು ಎಕರೆಯ ರೈತ ಮಾಡುವ ಲೆಕ್ಕವೂ ಇದೇ.

ಯಂತ್ರ ಸವೆಯುವುದಿಲ್ಲವೇ ಎಂಬ ಪ್ರಶ್ನೆ ಉಳಿಯುತ್ತದೆ. ಖಂಡಿತವಾಗಿ ಸವೆಯುತ್ತದೆ. ನಿಮಿಷಕ್ಕೆ 1,000 ಸುತ್ತು ತಿರುಗುವ ನಾಲ್ಕು ನಡೆಯ ಎಂಜಿನಿನ ಒಂದೊಂದು ಸಿಲಿಂಡರಿನಲ್ಲೂ ಗಂಟೆಗೆ 30,000 ಸಲ ಎಣ್ಣೆ ಹೊತ್ತಿಕೊಳ್ಳುತ್ತದೆ. ಆದರೆ ಸವೆಯುವ ಭಾಗಗಳನ್ನೆಲ್ಲ ಬಿಡಿಬಿಡಿಯಾಗಿ ಬದಲಿಸುವಂತೆಯೇ ಕಟ್ಟಿದ್ದಾರೆ. ಪಿಸ್ಟನ್ನು, ಅದರ ಉಂಗುರಗಳು, ಸಿಲಿಂಡರಿನ ಒಳಗವಸು, ತಲೆಭಾಗ ಇವನ್ನು ಒಂದು ಸಿಲಿಂಡರಿನಿಂದ ಕಳಚಿ ಹೊಸದನ್ನು ಕೂರಿಸುವಾಗ ಉಳಿದ ಹದಿನೈದನ್ನು ಮುಟ್ಟಬೇಕಾಗಿಲ್ಲ. ಬದಲಿಸಲಾಗದ ದೊಡ್ಡ ಚೌಕಟ್ಟು ಮುಂತಾದವುಗಳಲ್ಲಿ ಉಕ್ಕಿನ ಒಂದು ಗುಣ ನೆರವಿಗೆ ಬರುತ್ತದೆ. ಪದೇಪದೇ ಬಾಗಿ ಬಳುಕುವ ಲೋಹ ಕಾಲಾನಂತರದಲ್ಲಿ ದಣಿದು ಬಿರುಕು ಬಿಡುತ್ತದೆ. ಆದರೆ ತ್ರಾಸವು ಒಂದು ಮೇರೆಯ ಕೆಳಗಿದ್ದರೆ ಉಕ್ಕು ಎಷ್ಟೋ ಕೋಟಿ ಸಲ ಬಳುಕಿದರೂ ಒಡೆಯುವುದಿಲ್ಲ. ತೂಕವೇ ಎಳೆತಕ್ಕೆ ಬೇಕಾದ ವಸ್ತುವಾದ್ದರಿಂದ, ಲೋಕೋಮೋಟಿವಿನ ಶಿಲ್ಪಿಗೆ ಉಕ್ಕಿನಲ್ಲಿ ಜಿಪುಣತನ ತೋರುವ ಕಾರಣವಿಲ್ಲ. ವಿಮಾನದ ಶಿಲ್ಪಿಗೆ ಈ ಔದಾರ್ಯ ಕನಸಿನ ಮಾತು.

ಇಲ್ಲಿಯವರೆಗೆ ಮುದಿ ಡೀಸೆಲುಗಳ ಪರವಾಗಿ ವಾದಿಸಿದ್ದಾಯಿತು. ಆದರೆ ಅವುಗಳ ಮೇಲೆ ಒಂದು ಗಂಭೀರವಾದ ಆಪಾದನೆ ಇದೆ. ಅದು ಹೊಗೆ. ಆಲ್ಕೊ ಲೋಕೋಮೋಟಿವ್‌ಗಳಂತೂ ಹೊರಡುವಾಗ ಉಗುಳುವ ಕಪ್ಪು ಹೊಗೆಗಾಗಿ, ಅಮೆರಿಕದ ರೈಲು ಪ್ರಿಯರಿಂದ ‘ಗೌರವ ಉಗಿ ಎಂಜಿನು’ ಎಂಬ ಬಿರುದನ್ನು ಪಡೆದಿವೆ. ಇದರ ಕಾರಣ ಸರಳ. ಡ್ರೈವರು ಹಿಡಿಕೆಯನ್ನು ಮುಂದಿನ ಮೆಟ್ಟಿಲಿಗೆ ತಳ್ಳಿದೊಡನೆ ಎಣ್ಣೆ ಹೆಚ್ಚಾಗಿ ಸುರಿಯುತ್ತದೆ. ಅದಕ್ಕೆ ತಕ್ಕ ಗಾಳಿಯನ್ನು ಒತ್ತಿ ತುಂಬಬೇಕಾದ ಟರ್ಬೊ ಪಂಖವು ಹೊರಹೋಗುವ ಅನಿಲದ ಬಲದಿಂದಲೇ ತಿರುಗತಕ್ಕದ್ದು. ಅದು ವೇಗ ಪಡೆಯಲು ಕೆಲವು ಸೆಕೆಂಡು ಹಿಡಿಯುತ್ತದೆ. ಆ ಅವಧಿಯಲ್ಲಿ ಆಮ್ಲಜನಕ ಸಾಲದೆ ಇಂಗಾಲ ಪೂರ್ತಿ ಉರಿಯದೆ ಮಸಿಯಾಗಿ ಹೊರಬೀಳುತ್ತದೆ. ಜನರಲ್ ಮೋಟಾರ್ಸಿನವರು ತಮ್ಮ ಟರ್ಬೊ ಎಂಜಿನುಗಳಲ್ಲಿ ಕಡಿಮೆ ವೇಗದಲ್ಲಿದ್ದಾಗ ಪಂಖವನ್ನು ಹಲ್ಲುಚಕ್ರಗಳಿಂದ ತಿರುಗಿಸಿ ಈ ತೊಂದರೆಯನ್ನು ಬಹುಮಟ್ಟಿಗೆ ತಪ್ಪಿಸಿಕೊಂಡರು.

ಕಣ್ಣಿಗೆ ಕಾಣುವ ಮಸಿಗಿಂತ ಕಾಣದಿರುವುದು ಹೆಚ್ಚು ಕೇಡಿನದು. ಸಿಲಿಂಡರಿನ ಕಾವಿನಲ್ಲಿ ಗಾಳಿಯ ಸಾರಜನಕವೇ ಆಮ್ಲಜನಕದೊಡನೆ ಕೂಡಿ ಸಾರಜನಕದ ಆಕ್ಸೈಡುಗಳಾಗುತ್ತವೆ. ಯಾವ ನಿಯಂತ್ರಣವೂ ಇಲ್ಲದ ಹಳೆಯ ಎಂಜಿನು ಪ್ರತಿ ಅಶ್ವಶಕ್ತಿ-ಗಂಟೆಗೆ ಸುಮಾರು 13 ಗ್ರಾಂ ಆಕ್ಸೈಡನ್ನು ಉಗುಳುತ್ತದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜು. 2015ರಿಂದ ಅಲ್ಲಿ ತಯಾರಾಗುವ ಹೊಸ ಎಂಜಿನುಗಳಿಗೆ ವಿಧಿಸಿರುವ ಮಿತಿ 1.3 ಗ್ರಾಂ. ಹತ್ತರಲ್ಲೊಂದು! ಹೀಗಿದ್ದರೂ 1973ಕ್ಕೆ ಮೊದಲು ತಯಾರಾದ ಲೋಕೋಮೋಟಿವ್‌ಗಳನ್ನು ಆ ಸಂಸ್ಥೆಯ ನಿಯಮಗಳು ಹೊರಗಿಟ್ಟಿವೆ. ಮುಪ್ಪಿಗೆ ತೋರಿದ ಈ ರಿಯಾಯಿತಿ ಸಣ್ಣ ರೈಲ್ವೆಗಳನ್ನು ಬದುಕಿಸಿದೆ. ಹಳಿಯ ಬದಿಯಲ್ಲಿ ಬಾಳುವವರ ಶ್ವಾಸಕೋಶವನ್ನು ಕೇಳಿ ಕೊಟ್ಟ ರಿಯಾಯಿತಿ ಅಲ್ಲ. ಡೀಸೆಲಿನ ಹೊಗೆ ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡತಕ್ಕದ್ದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಸಾರಿತು.

ನನ್ನ ಅಭಿಪ್ರಾಯದಲ್ಲಿ ಇಲ್ಲಿ ಎಣಿಸಬೇಕಾದದ್ದು ವಯಸ್ಸನ್ನಲ್ಲ, ಸ್ಥಳ ಮತ್ತು ದುಡಿಮೆಯ ಅವಧಿಯನ್ನು. ಕಾಡುಗುಡ್ಡದ ನಡುವೆ ದಿನಕ್ಕೊಮ್ಮೆ ಧಾನ್ಯ ಏರಿಸುವ ಲೋಕೋಮೋಟಿವ್ ಮಾಡುವ ಹಾನಿ ಅಲ್ಪ. ಊರ ನಡುವಣ ಅಂಗಳದಲ್ಲಿ ರಾತ್ರಿಯೆಲ್ಲ ಸುಮ್ಮನೆ ಗುಡುಗುಡಿಸುತ್ತ ನಿಂತಿರುವುದರಿಂದ ಆಗುವ ಹಾನಿ ಹೆಚ್ಚು. ಹೀಗೆ ನಿಲ್ಲಿಸುವುದು ಬರಿಯ ಅಲಕ್ಷ್ಯವಲ್ಲ. ಈ ಎಂಜಿನುಗಳನ್ನು ತಂಪುಮಾಡುವುದಕ್ಕೆ ಹೆಪ್ಪುಗಟ್ಟದ ದ್ರವವನ್ನು ಬೆರೆಸದೆ ನೀರನ್ನೇ ಬಳಸುವ ಪದ್ಧತಿ. ಚಳಿಯಲ್ಲಿ ಎಂಜಿನನ್ನು ನಿಲ್ಲಿಸಿದರೆ ನೀರು ಮಂಜುಗಡ್ಡೆಯಾಗಿ ಹಿಗ್ಗಿ, ದೊಡ್ಡ ಎರಕದ ಭಾಗಗಳನ್ನೇ ಸೀಳಿಬಿಡಬಹುದು. ನೀರನ್ನು ಬೆಚ್ಚಗಿಡಲು ಒಂದು ಸಣ್ಣ ಸಹಾಯಕ ಎಂಜಿನನ್ನು ಅಳವಡಿಸಿ, ದೊಡ್ಡದನ್ನು ತಾನಾಗಿ ನಿಲ್ಲಿಸುವ ಏರ್ಪಾಡುಗಳು ಈಗ ಬಂದಿವೆ. ಮುದುಕನನ್ನು ಕೆಲಸದಲ್ಲಿ ಇಟ್ಟುಕೊಳ್ಳುವವರು ಈ ಖರ್ಚನ್ನಾದರೂ ಹೊರತಕ್ಕದ್ದು.

ನಮ್ಮ ದೇಶದಲ್ಲಿ ಈ ಕಥೆ ಬೇರೊಂದು ತಿರುವನ್ನು ಪಡೆಯಿತು. ಆಲ್ಕೊ ಕಂಪನಿಯ ಸಹಕಾರದಿಂದ ವಾರಾಣಸಿಯಲ್ಲಿ ಸ್ಥಾಪಿತವಾದ ಡೀಸೆಲ್ ಲೋಕೋಮೋಟಿವ್ ಕಾರ್ಖಾನೆ ತನ್ನ ಮೊದಲ ಲೋಕೋಮೋಟಿವನ್ನು 1964ರ ಜನವರಿಯಲ್ಲಿ ಹೊರತಂದಿತು. ಅಮೆರಿಕದ ಮೂಲ ಕಂಪನಿ ಕೈಬಿಟ್ಟ ಮೇಲೂ ವಾರಾಣಸಿ ಅದೇ 251 ಎಂಜಿನನ್ನು ದಶಕಗಳ ಕಾಲ ಎರೆಯುತ್ತ, ತಿದ್ದುತ್ತ ಬಂದಿತು. 2,600 ಅಶ್ವಶಕ್ತಿಯನ್ನು 3,300ಕ್ಕೆ ಏರಿಸಿ ಡಬ್ಲ್ಯುಡಿಎಂ-3ಡಿ ಎಂಬ ಮಾದರಿಯನ್ನು ಕಟ್ಟಿತು. ಬೆಂಗಳೂರಿನ ಕೃಷ್ಣರಾಜಪುರದ ಡೀಸೆಲ್ ಷೆಡ್ಡು ಬಹುಕಾಲ ಈ ವಂಶವನ್ನು ಸಾಕಿ ಸಲಹಿದ ಸ್ಥಳಗಳಲ್ಲೊಂದು. ಇಲ್ಲಿ ಅವುಗಳನ್ನು ಸೋಲಿಸಿದ್ದು ಹೊಸ ಡೀಸೆಲಲ್ಲ, ತಲೆಯ ಮೇಲಿನ ತಂತಿ. ವಿದ್ಯುದಾಗಾರವನ್ನು ಹೊತ್ತು ತಿರುಗುವ ಕಷ್ಟವೇ ವಿದ್ಯುತ್ ಲೋಕೋಮೋಟಿವಿಗಿಲ್ಲ. 2025ರ ಕೊನೆಯ ಹೊತ್ತಿಗೆ ನಮ್ಮ ಬ್ರಾಡ್‌ಗೇಜ್ ಹಾದಿಯ ನೂರಕ್ಕೆ 99 ಪಾಲು ತಂತಿಯ ಕೆಳಗೆ ಬಂದಿತ್ತು. ವಾರಾಣಸಿಯ ಕಾರ್ಖಾನೆಯ ಹೆಸರಿನಿಂದ ‘ಡೀಸೆಲ್’ ಎಂಬ ಪದವೂ 2020ರಲ್ಲಿ ಬಿದ್ದುಹೋಗಿ, ಅದು ಬನಾರಸ್ ಲೋಕೋಮೋಟಿವ್ ಕಾರ್ಖಾನೆಯಾಯಿತು. ಅದಕ್ಕೆ ಮೊದಲೇ, 2018ರಲ್ಲಿ, ಅಲ್ಲಿನ ಎಂಜಿನಿಯರುಗಳು 2,600 ಅಶ್ವಶಕ್ತಿಯ ಎರಡು ಡೀಸೆಲುಗಳ ಹೊಟ್ಟೆಯನ್ನು ಬರಿದುಮಾಡಿ, ವಿದ್ಯುತ್ ಸಲಕರಣೆಗಳನ್ನು ತುಂಬಿ, 10,000 ಅಶ್ವಶಕ್ತಿಯ ಜೋಡಿ ವಿದ್ಯುತ್ ಲೋಕೋಮೋಟಿವನ್ನಾಗಿ ಮಾರ್ಪಡಿಸಿದ್ದರು.

ತಂತಿಯಿಲ್ಲದ ಕಡೆಗಳಲ್ಲಿ ಈ ವಂಶಕ್ಕೆ ಇನ್ನೂ ಕೆಲಸವಿದೆ. ಬಾಂಗ್ಲಾದೇಶದ ರೈಲುಹಾದಿಗಳು ಡೀಸೆಲನ್ನೇ ನಂಬಿವೆ. ಭಾರತವು ಆ ದೇಶಕ್ಕೆ 2020ರ ಜುಲೈಯಲ್ಲಿ ಹತ್ತು, 2023ರ ಮೇ ತಿಂಗಳಿನಲ್ಲಿ ಇಪ್ಪತ್ತು ಬ್ರಾಡ್‌ಗೇಜ್ ಡೀಸೆಲ್ ಲೋಕೋಮೋಟಿವ್‌ಗಳನ್ನು ಕೊಟ್ಟಿತು. 2020ರಲ್ಲಿ ಗಡಿ ದಾಟಿದ ಆ ಹತ್ತೂ ಡಬ್ಲ್ಯುಡಿಎಂ-3ಡಿ ಮಾದರಿಯವು. ಸ್ಕೆನೆಕ್ಟಡಿಯಲ್ಲಿ ರೂಪುಗೊಂಡ, ಒಂಬತ್ತು ಅಂಗುಲದ ಹದಿನಾರು ಸಿಲಿಂಡರುಗಳ ಅದೇ ಎಂಜಿನು ಅವುಗಳಲ್ಲಿದೆ.